ಹೊಲದ ನಡುವಿನ ಕಲ್ಲಿನ ವೃತ್ತ: ‘ಮೋರಿಯರ ಮನೆ’ಯೊಳಗೆ ನಿಜವಾಗಿ ಏನಿದೆ?

ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಓಡಾಡಿದವರಿಗೆ ಈ ದೃಶ್ಯ ಹೊಸದಲ್ಲ. ಗುಡ್ಡದ ಬುಡದಲ್ಲೋ ಹೊಲದ ಬದುವಿನ ಆಚೆಯೋ ದೊಡ್ಡ ಗುಂಡುಕಲ್ಲುಗಳನ್ನು ದುಂಡಗೆ ಜೋಡಿಸಿಟ್ಟ ಒಂದು ಜಾಗ. ಒಂದು ವೃತ್ತ ಕಂಡರೆ ಸಾಮಾನ್ಯವಾಗಿ ಸುತ್ತಮುತ್ತ ಇನ್ನೂ ಹಲವು ಇರುತ್ತವೆ. ಕೆಲವದರ ನಡುವೆ ಕಲ್ಲುಚಪ್ಪಡಿಯ ಅಂಚು ಮಣ್ಣಿನಿಂದ ಮೇಲೆ ಇಣುಕುತ್ತಿರುತ್ತದೆ.

ಅದೇನು ಎಂದು ಊರಿನವರನ್ನು ಕೇಳಿದರೆ ಮೂರು ಉತ್ತರಗಳು ಸಿಗುತ್ತವೆ. ಒಂದು, ಇವು ಮೋರಿಯರ ಮನೆಗಳು. ಮೋರಿಯರು ಮೂರಡಿ ಎತ್ತರದ, ಆದರೆ ಭಾರಿ ಬಲದ ಕುಳ್ಳರು. ಎರಡು, ಪಾಂಡವರು ವನವಾಸಕ್ಕೆ ಬಂದಾಗ ಕಟ್ಟಿಕೊಂಡ ಮನೆಗಳು. ಮೂರನೆಯದನ್ನು ಸ್ವಲ್ಪ ದನಿ ತಗ್ಗಿಸಿ ಹೇಳುತ್ತಾರೆ: ಕೆಳಗೆ ನಿಧಿ ಇದೆ.

ಮೊದಲ ಎರಡು ಕಥೆಗಳಿಂದ ಯಾರಿಗೂ ನಷ್ಟವಿಲ್ಲ. ಎಷ್ಟೋ ಕಡೆ ಈ ಕಲ್ಲುಗಳು ಉಳಿದುಕೊಂಡಿದ್ದೇ ಅಂಥ ಕಥೆಗಳ ಭಯಭಕ್ತಿಯಿಂದ. ಮೂರನೆಯ ನಂಬಿಕೆ ಹಾಗಲ್ಲ. ಅದು ರಾತ್ರಿ ಹೊತ್ತು ಹಾರೆ ಹಿಡಿದು ಬರುತ್ತದೆ, ಈಗೀಗ ಜೆಸಿಬಿಯಲ್ಲೂ ಬರುತ್ತದೆ. ಹಾಗಾಗಿ ಈ ವೃತ್ತಗಳ ಕೆಳಗೆ ಏನಿದೆ ಎಂಬುದನ್ನು ಸರಿಯಾಗಿ ಅಗೆದು ನೋಡಿದ ಒಂದು ಜಾಗದಿಂದಲೇ ಶುರು ಮಾಡೋಣ.

ಬ್ರಹ್ಮಗಿರಿಯಲ್ಲಿ ಕಂಡಿದ್ದು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಸಿದ್ದಾಪುರದ ಹತ್ತಿರ ಬ್ರಹ್ಮಗಿರಿ ಇದೆ. 1892ರಲ್ಲಿ ಬಿ.ಎಲ್. ರೈಸ್ ಇಲ್ಲಿ ಅಶೋಕನ ಶಾಸನವನ್ನು ಪತ್ತೆ ಮಾಡಿದರು. ಅದರಲ್ಲಿ ‘ಇಸಿಲ’ ಎಂಬ ಊರಿನ ಹೆಸರಿದೆ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಶಾಸನದ ಬಂಡೆ ನೋಡಿ ಫೋಟೊ ತೆಗೆದು ವಾಪಸ್ ಹೊರಡುತ್ತಾರೆ. ಅದೇ ಗುಡ್ಡದ ಬುಡದಲ್ಲಿ ಸುಮಾರು 300 ಕಲ್ಲಿನ ಗೋರಿಗಳಿದ್ದವು ಎಂಬುದು ಬಹಳ ಜನಕ್ಕೆ ತಿಳಿದಿಲ್ಲ.

ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1940ರ ದಶಕದಲ್ಲಿ ಇಲ್ಲಿ ಉತ್ಖನನ ನಡೆಸಿದರು. 1947ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಇಲ್ಲಿ ಅಗೆದರು. ವೀಲರ್ ಅವರ ಹೆಚ್ಚುಗಾರಿಕೆ ಎಂದರೆ ಮಣ್ಣಿನ ಪದರಗಳನ್ನು ಒಂದೊಂದಾಗಿ ಬಿಡಿಸಿ, ಯಾವ ವಸ್ತು ಯಾವ ಪದರದಲ್ಲಿತ್ತು ಎಂದು ಬರೆದಿಡುವ ಶಿಸ್ತು. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ವೃತ್ತದ ನಡುವೆ ಅಗೆದಾಗ ಸಿಕ್ಕಿದ್ದು ಗ್ರಾನೈಟ್ ಚಪ್ಪಡಿಗಳ ಪೆಟ್ಟಿಗೆ. ಕೆಳಗೆ ಹಾಸಲು ಒಂದು ಚಪ್ಪಡಿ, ನಾಲ್ಕು ಬದಿಗೆ ನಾಲ್ಕು, ಮೇಲೆ ಮುಚ್ಚಲು ಒಂದು. ಗಾರೆ ಇಲ್ಲ, ಮೊಳೆ ಇಲ್ಲ. ಸುತ್ತಲೂ ಮಣ್ಣು ಒತ್ತುತ್ತಿದ್ದರೂ ಗೋಡೆಗಳು ಒಳಕ್ಕೆ ಬಿದ್ದಿಲ್ಲ. ಇದಕ್ಕೆ ಕಾರಣ ಜೋಡಣೆಯ ಒಂದು ಉಪಾಯ. ರಟ್ಟಿನ ಡಬ್ಬದ ಬಾಯಿಯ ನಾಲ್ಕು ಪಟ್ಟಿಗಳನ್ನು ಒಂದರಡಿ ಒಂದು ಸಿಕ್ಕಿಸಿ ಟೇಪ್ ಇಲ್ಲದೆ ಮುಚ್ಚುತ್ತೇವಲ್ಲ, ಹೆಚ್ಚುಕಡಿಮೆ ಅದೇ ಯೋಚನೆ. ಪ್ರತಿ ಗೋಡೆಯ ಒಂದು ತುದಿ ಪಕ್ಕದ ಗೋಡೆಯನ್ನು ದಾಟಿ ಮುಂದಕ್ಕೆ ಚಾಚಿರುತ್ತದೆ. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನ ಮಣ್ಣು ಒಂದು ಚಪ್ಪಡಿಯನ್ನು ಒಳಕ್ಕೆ ತಳ್ಳಿದರೆ ಅದು ಪಕ್ಕದ ಚಪ್ಪಡಿಯ ಅಂಚಿಗೆ ಒರಗಿ ನಿಲ್ಲುತ್ತದೆ. ಎಷ್ಟು ಒತ್ತಡ ಬೀಳುತ್ತದೋ ಅಷ್ಟು ಬಿಗಿ.

ಹೊರಗಿನ ದುಂಡುಕಲ್ಲುಗಳಿಗೂ ಒಂದು ಕೆಲಸವಿದೆ. ಪೆಟ್ಟಿಗೆಯ ಸುತ್ತ ತುಂಬಿದ ಕಲ್ಲು ಮಣ್ಣಿನ ರಾಶಿ ಮಳೆಗೆ ಹರಡಿ ಹೋಗದಂತೆ ಅವು ತಡೆಯುತ್ತವೆ, ನಮ್ಮಲ್ಲಿ ಗಿಡದ ಪಾತಿಗೆ ಕಲ್ಲು ಜೋಡಿಸುವ ಹಾಗೆ. ಇಲ್ಲೊಬ್ಬರನ್ನು ಮಣ್ಣು ಮಾಡಿದೆ ಎಂದು ದೂರದಿಂದಲೇ ತಿಳಿಸುವ ಗುರುತೂ ಆಗಿದ್ದಿರಬೇಕು. ರಾಶಿ ಕರಗಿ, ಉಂಗುರ ಮಾತ್ರ ಉಳಿದಾಗ ನಮಗೆ ಕಾಣುವುದು ‘ಕಲ್ಲಿನ ವೃತ್ತ’.

ಕುಳ್ಳರ ಕಥೆ ಬಂದಿದ್ದೆಲ್ಲಿಂದ?

ಪೆಟ್ಟಿಗೆಯ ಒಂದು ಗೋಡೆಯಲ್ಲಿ, ಬ್ರಹ್ಮಗಿರಿಯಲ್ಲಿ ಸಾಮಾನ್ಯವಾಗಿ ಪೂರ್ವದ ಕಡೆ, ದುಂಡನೆಯ ಕಿಂಡಿ ಕೊರೆದಿರುತ್ತಾರೆ. ದೊಡ್ಡವರು ತೆವಳಿಕೊಂಡು ಹೋಗಲೂ ಕಷ್ಟಪಡಬೇಕಾದ ಅಳತೆ. ಇದನ್ನು ‘ಬಾಗಿಲು’ ಎಂದುಕೊಂಡು ನೋಡಿದರೆ ಒಳಗಿದ್ದವರು ಕುಳ್ಳರೇ ಇರಬೇಕು ಅನ್ನಿಸುವುದು ಸಹಜ. ನೋಡಿದ್ದನ್ನು ಆಧಾರವಾಗಿಟ್ಟುಕೊಂಡೇ ಹಳ್ಳಿಯ ಜನ ತರ್ಕ ಮಾಡಿದ್ದಾರೆ. ಇದು ಮನೆ ಎಂಬ ಮೊದಲ ಹೆಜ್ಜೆಯಲ್ಲಿ ಮಾತ್ರ ತಪ್ಪಿದೆ.

ಒಳಗೆ ಸಿಕ್ಕಿದ ಮೂಳೆಗಳು ನಮ್ಮಂಥ ಮನುಷ್ಯರದ್ದೇ. ಆದರೆ ಒಬ್ಬರ ಇಡೀ ಅಸ್ಥಿಪಂಜರ ಮಲಗಿಸಿದ ಸ್ಥಿತಿಯಲ್ಲಿ ಇರಲಿಲ್ಲ. ತಲೆಬುರುಡೆ, ಕೈಕಾಲಿನ ಉದ್ದ ಮೂಳೆಗಳು, ಅದೂ ಒಬ್ಬರಿಗಿಂತ ಹೆಚ್ಚು ಜನರದ್ದು, ಒಟ್ಟಿಗಿದ್ದವು. ಅಂದರೆ ಸತ್ತ ಕೂಡಲೇ ಇಲ್ಲಿ ಹೂಳುತ್ತಿರಲಿಲ್ಲ. ಶವ ಬೇರೆಲ್ಲೋ ಕೊಳೆತು ಮಾಂಸ ಹೋದ ಮೇಲೆ, ಉಳಿದ ಮೂಳೆಗಳಲ್ಲಿ ಕೆಲವನ್ನು ಆರಿಸಿ ತಂದು ಈ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಬ್ರಹ್ಮಗಿರಿಯಲ್ಲೇ ಇನ್ನೊಂದು ಬಗೆಯ ವೃತ್ತಗಳಿವೆ. ಅವುಗಳಲ್ಲಿ ಕಲ್ಲಿನ ಪೆಟ್ಟಿಗೆ ಇಲ್ಲ, ನಡುವೆ ಬರೀ ಗುಂಡಿ. ಶವವನ್ನು ಮೊದಲು ಬಿಡುತ್ತಿದ್ದ ಜಾಗ ಅದೇ ಇರಬಹುದು ಎಂದು ವೀಲರ್ ಊಹಿಸಿದ್ದರು. ದಹನ ಮಾಡಿ ಮೂರನೇ ದಿನ ಅಸ್ಥಿ ಆರಿಸಿ ನದಿಗೆ ಬಿಡುವ ನಮ್ಮ ಮನೆಗಳಲ್ಲೂ ಅಂತ್ಯಕ್ರಿಯೆ ಎರಡು ಹಂತದ್ದೇ ಎಂಬುದನ್ನು ನೆನೆದರೆ ಇದು ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ.

ಮೂಳೆ, ಮಡಕೆ ಒಳಗಿಡಲು ಇಡೀ ಮನುಷ್ಯ ನುಗ್ಗುವ ಬಾಗಿಲು ಬೇಕಿಲ್ಲ. ಕಿಂಡಿ ಸಾಕು. ಕೆಲಸ ಮುಗಿದ ಮೇಲೆ ಅದಕ್ಕೆ ಹೊರಗಿನಿಂದ ಇನ್ನೊಂದು ಕಲ್ಲು ಒರಗಿಸಿ ಮುಚ್ಚುತ್ತಿದ್ದರು.

‘ಮೋರಿಯರು’ ಎಂದರೆ ಮೌರ್ಯರೇ ಇರಬಹುದೇ ಎಂದು ಕೆಲವರು ಕೇಳುತ್ತಾರೆ. ಪಕ್ಕದಲ್ಲೇ ಅಶೋಕನ ಶಾಸನ ಇರುವುದರಿಂದ ಪ್ರಶ್ನೆ ಚೆನ್ನಾಗಿದೆ. ಆದರೆ ಇಂಥ ಗೋರಿ ಕಟ್ಟುವ ಪದ್ಧತಿ ದಕ್ಷಿಣದಲ್ಲಿ ಮೌರ್ಯ ಸಾಮ್ರಾಜ್ಯ ಹುಟ್ಟುವ ನೂರಾರು ವರ್ಷ ಮೊದಲೇ ಶುರುವಾಗಿತ್ತು.

ಹಾಗಾದರೆ ನಿಧಿ?

ಗೋರಿಗಳಲ್ಲಿ ಬೆಲೆಬಾಳುವ ವಸ್ತುಗಳೇ ಇಲ್ಲ ಎಂದು ನಾವು ಹೇಳುವುದಿಲ್ಲ. ಕೆಲವು ಕಡೆ ಸಣ್ಣ ಚಿನ್ನದ ಮಣಿಗಳು ಸಿಕ್ಕಿವೆ. ಆದರೆ ಅಗೆದು ನೋಡಿದ ಗೋರಿಗಳಲ್ಲಿ ಪದೇ ಪದೇ ಸಿಗುವುದು ಮಡಕೆ, ಕಬ್ಬಿಣದ ಕತ್ತಿ, ಕೊಡಲಿ, ಭರ್ಜಿಯ ಮೊನೆ, ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿನ ಮಣಿ, ಶಂಖದ ತುಂಡು. ಎರಡು–ಮೂರು ಸಾವಿರ ವರ್ಷ ಮಣ್ಣಲ್ಲಿದ್ದ ಕಬ್ಬಿಣ ತುಕ್ಕಿನ ಗಡ್ಡೆಯಾಗಿರುತ್ತದೆ. ಸಂತೆಯಲ್ಲಿ ಅದಕ್ಕೆ ನಾಲ್ಕಾಣೆಯೂ ಹುಟ್ಟುವುದಿಲ್ಲ. ಕೊಪ್ಪರಿಗೆ ತುಂಬ ಹೊನ್ನು ಎಂಬುದು ರಾಜರ ಕಾಲದ ಕಲ್ಪನೆ. ಈ ಗೋರಿಗಳನ್ನು ಕಟ್ಟಿದ ಕಾಲಕ್ಕೆ ನಮ್ಮ ಕಡೆ ನಾಣ್ಯಗಳೇ ಇನ್ನೂ ಬಳಕೆಗೆ ಬಂದಿರಲಿಲ್ಲ, ಅಥವಾ ಆಗಷ್ಟೇ ಬರುತ್ತಿದ್ದವು.

ಇಲ್ಲಿ ನಿಜಕ್ಕೂ ಬೆರಗು ಹುಟ್ಟಿಸುವುದು ಮಡಕೆ. ಒಳಗೆ ಮತ್ತು ಬಾಯಿಯ ಸುತ್ತ ಕಪ್ಪು, ಹೊರಗೆ ಕೆಂಪು. ಎರಡು ಬಣ್ಣ ಬಳಿದಂತೆ ಕಾಣುತ್ತದೆ, ಆದರೆ ಬಣ್ಣ ಬಳಿದದ್ದಲ್ಲ. ಜೇಡಿಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಸುಡುವಾಗ ಗಾಳಿ ಚೆನ್ನಾಗಿ ಆಡಿದರೆ ಆ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ಕೆಂಪಾಗುತ್ತದೆ. ಗಾಳಿ ಸಿಗದಿದ್ದರೆ, ಹೊಗೆಯ ಇಂಗಾಲ ಮೆತ್ತಿಕೊಂಡು ಕಪ್ಪಾಗುತ್ತದೆ. ಮಡಕೆಯನ್ನು ಹೊಟ್ಟು, ಎಲೆಯಂಥ ವಸ್ತುವಿನ ಮೇಲೆ ಬೋರಲು ಹಾಕಿ ಸುಟ್ಟರೆ ಒಳಭಾಗಕ್ಕೂ ಬಾಯಿಗೂ ಗಾಳಿ ತಾಗುವುದಿಲ್ಲ, ಹೊರಮೈಗೆ ತಾಗುತ್ತದೆ. ಒಂದೇ ಸುಡುವಿಕೆಯಲ್ಲಿ ಎರಡು ಬಣ್ಣ. ಈ ಕಪ್ಪು–ಕೆಂಪು ಮಡಕೆಯ ಚೂರು ಹೊಲದಲ್ಲಿ ಕಂಡರೆ ಹತ್ತಿರದಲ್ಲಿ ಹಳೆಯ ವಸತಿಯೋ ಗೋರಿಯೋ ಇದ್ದಿರಬಹುದು ಎಂದು ಸಂಶೋಧಕರು ಕಿವಿ ನಿಮಿರಿಸುತ್ತಾರೆ. ನಿಧಿ ಹುಡುಕುವವರು ಮೊದಲು ಒಡೆದು ಬಿಸಾಡುವುದೂ ಇದನ್ನೇ.

ಕಲಕಿದ ಮಣ್ಣು ಯಾಕೆ ಏನೂ ಹೇಳುವುದಿಲ್ಲ

ಗೋರಿಯೊಳಗಿನ ವಸ್ತುಗಳನ್ನು ಮ್ಯೂಸಿಯಂಗೆ ಕೊಟ್ಟರಾಯಿತಲ್ಲ, ಯಾರು ಅಗೆದರೇನು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಬೇಕಾದರೆ ಈ ವೃತ್ತಗಳ ವಯಸ್ಸು ಹೇಗೆ ಗೊತ್ತಾಯಿತು ಎಂಬುದನ್ನು ನೋಡಬೇಕು.

1947ರಲ್ಲಿ ಇಂಗಾಲದ ಮೂಲಕ ಕಾಲ ಅಳೆಯುವ ವಿಧಾನ ಇನ್ನೂ ಬಂದಿರಲಿಲ್ಲ. ವೀಲರ್ ಬೇರೆ ದಾರಿ ಹಿಡಿದರು. ಎರಡು ವರ್ಷ ಮೊದಲು, 1945ರಲ್ಲಿ, ಅವರು ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಅಗೆದಿದ್ದರು. ಅಲ್ಲಿ ಇಟಲಿಯಿಂದ ಹಡಗಿನಲ್ಲಿ ಬಂದ ಮಡಕೆಗಳ ಜೊತೆಗೆ ಚುಕ್ಕೆಗೆರೆಯ ವಿನ್ಯಾಸವಿರುವ ಒಂದು ಬಗೆಯ ತಟ್ಟೆಗಳು ಸಿಕ್ಕಿದ್ದವು. ಇಟಲಿಯ ಮಡಕೆಗಳ ಕಾಲ ಗೊತ್ತಿತ್ತು, ಕ್ರಿ.ಶ. ಒಂದನೇ ಶತಮಾನದ ಆಸುಪಾಸು. ಹಾಗಾಗಿ ತಟ್ಟೆಗಳ ಕಾಲವೂ ಗೊತ್ತಾಯಿತು. ಅದೇ ಬಗೆಯ ತಟ್ಟೆಯ ಚೂರುಗಳು ಬ್ರಹ್ಮಗಿರಿಯ ವಸತಿ ಜಾಗದಲ್ಲಿ ಮೇಲಿನ ಪದರದಲ್ಲಿ ಸಿಕ್ಕವು. ಗೋರಿಗಳಲ್ಲಿದ್ದಂಥ ಮಡಕೆ ಅದರ ಕೆಳಗಿನ ಪದರದಲ್ಲಿತ್ತು. ಕೆಳಗಿರುವುದು ಹಳೆಯದು. ಅಲ್ಲಿಂದ ಹಿಂದಕ್ಕೆ ಎಣಿಸಿ, ಗೋರಿಗಳು ಕ್ರಿ.ಪೂ. ಎರಡನೇ ಶತಮಾನದಿಂದ ಕ್ರಿ.ಶ. ಒಂದನೇ ಶತಮಾನದವು ಎಂದು ವೀಲರ್ ಲೆಕ್ಕ ಹಾಕಿದರು.

ಈ ಲೆಕ್ಕದ ಆರಂಭದ ತುದಿ ನಿಲ್ಲಲಿಲ್ಲ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ತುಂಗಭದ್ರೆಯ ದಡದ ಹಳ್ಳೂರಿನಲ್ಲಿ (ಈಗಿನ ಹಾವೇರಿ ಜಿಲ್ಲೆ) ಉತ್ಖನನ ನಡೆಸಿದರು. ಅಲ್ಲಿ ಕಬ್ಬಿಣ ಸಿಕ್ಕಿದ ಪದರದ ಇದ್ದಿಲನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಕ್ರಿ.ಪೂ. 1000ದ ಆಸುಪಾಸು ಎಂಬ ಉತ್ತರ ಬಂತು. ಕರ್ನಾಟಕದ ಕಬ್ಬಿಣಯುಗದ ಗೋರಿಗಳ ಕಾಲವನ್ನು ಈಗ ಸ್ಥೂಲವಾಗಿ ಕ್ರಿ.ಪೂ. 1200ರಿಂದ ಕ್ರಿ.ಪೂ. 300ರವರೆಗೆ, ಕೆಲವೆಡೆ ಅದರಾಚೆಗೂ, ಎಂದು ಹೇಳುತ್ತಾರೆ. ವೀಲರ್ ತಮ್ಮ ಟಿಪ್ಪಣಿಯಲ್ಲಿ ಪದರಗಳನ್ನು ಸರಿಯಾಗಿ ದಾಖಲಿಸಿದ್ದರಿಂದಲೇ ನಂತರದವರಿಗೆ ಅವರ ಲೆಕ್ಕವನ್ನು ತಿದ್ದಲು ಸಾಧ್ಯವಾಯಿತು.

ಇಡೀ ಸರಪಳಿ ನಿಂತಿರುವುದು ಯಾವ ಚೂರು ಯಾವ ಪದರದಲ್ಲಿ, ಯಾವುದರ ಮೇಲೆ, ಯಾವುದರ ಕೆಳಗೆ ಇತ್ತು ಎಂಬುದರ ಮೇಲೆ. ಒಂದು ರಾತ್ರಿ ಹಾರೆ ಆಡಿಸಿದರೆ ನಿನ್ನೆಯ ಬೀಡಿ ತುಂಡು ಮತ್ತು ಮೂರು ಸಾವಿರ ವರ್ಷದ ಇದ್ದಿಲು ಒಂದೇ ರಾಶಿಗೆ ಬೀಳುತ್ತವೆ. ಅದನ್ನು ಮತ್ತೆ ಬೇರೆ ಮಾಡುವ ಯಂತ್ರವಿಲ್ಲ. ಮಡಕೆ ಒಡೆದರೆ ಅಂಟಿಸಬಹುದು. ಪದರ ಕಲಕಿದರೆ ಅದು ಹೋಯಿತು.

ಇಷ್ಟು ಭಾರದ ಕಲ್ಲು ಎತ್ತಿದ್ದು ಹೇಗೆ?

ಯೂಟ್ಯೂಬ್‌ನಲ್ಲಿ ಈಗ ಮೋರಿಯರ ಜಾಗಕ್ಕೆ ಅನ್ಯಗ್ರಹದವರು ಬಂದಿದ್ದಾರೆ. ಅದಕ್ಕೆ ಕೊಡುವ ಕಾರಣ ಕಲ್ಲುಗಳ ಭಾರ. ಲೆಕ್ಕ ನಾವೇ ಹಾಕೋಣ. 3 ಮೀಟರ್ ಉದ್ದ, 2 ಮೀಟರ್ ಅಗಲ, 20 ಸೆಂಟಿಮೀಟರ್ ದಪ್ಪದ ಚಪ್ಪಡಿ ಎಂದರೆ 1.2 ಘನ ಮೀಟರ್. ಗ್ರಾನೈಟ್ ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಒಟ್ಟು ಮೂರು ಟನ್‌ಗೆ ತುಸು ಹೆಚ್ಚು. ಭಾರ ಹೌದು, ಆದರೆ ಹಗ್ಗ, ಸನ್ನೆಗೋಲು, ಮರದ ದಿಮ್ಮಿ, ಮತ್ತು ಒಂದೂರಿನ ಜನ ಇದ್ದರೆ ಅಸಾಧ್ಯದ ಭಾರವಲ್ಲ. ನಾಗಾಲ್ಯಾಂಡಿನ ಅಂಗಾಮಿ ನಾಗಾ ಜನ ಇಂಥ ಕಲ್ಲುಗಳನ್ನು ಮರದ ಜಾರುಬಂಡಿಗೆ ಕಟ್ಟಿ ಊರೆಲ್ಲ ಸೇರಿ ಎಳೆಯುವ ಸಂಪ್ರದಾಯ ನಮ್ಮ ಕಾಲದವರೆಗೂ ಉಳಿದು ಬಂದಿದೆ.

ಚಪ್ಪಡಿ ಸಿಗುವುದೂ ಜಾದೂ ಅಲ್ಲ. ನಮ್ಮ ಗ್ರಾನೈಟ್ ಗುಡ್ಡಗಳ ಮೇಲ್ಮೈ ತಾನಾಗಿಯೇ ಈರುಳ್ಳಿ ಸಿಪ್ಪೆಯಂತೆ ಹಾಳೆ ಹಾಳೆಯಾಗಿ ಬಿಡುತ್ತದೆ. ಆ ಬಿರುಕು ನೋಡಿ ಬೆಂಕಿ ಹಾಕಿ ಕಾಯಿಸಿ, ಬೆಣೆ ಹೊಡೆದರೆ ಹಾಳೆ ಎದ್ದು ಬರುತ್ತದೆ. ಬೆಂಕಿ ಹಾಕಿ ಬಂಡೆ ಎಬ್ಬಿಸುವ ಈ ವಿದ್ಯೆಯನ್ನು ಕಲ್ಲು ಒಡೆಯುವವರು ತೀರಾ ಇತ್ತೀಚಿನವರೆಗೂ ಬಳಸುತ್ತಿದ್ದರು.

ಇದನ್ನೆಲ್ಲ ಒಂದೇ ಜಾಗದಲ್ಲಿ ನೋಡಬೇಕಾದರೆ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್‌ಗೆ ಹೋಗಬೇಕು. ಗುಡ್ಡದ ಮೇಲೆ ಸುಮಾರು 400 ಗೋರಿಗಳಿವೆ, ವೃತ್ತಗಳೂ ಇವೆ. ಅಲ್ಲಿನ ವಿಶೇಷ ನೆಲದ ಮೇಲೆಯೇ ನಿಂತ ಕಲ್ಮನೆಗಳು. ಕೆಲವು ಆಳೆತ್ತರಕ್ಕಿಂತ ಎತ್ತರ. ಮೂರಡಿಯ ಮೋರಿಯರಿಗೆ ಅಷ್ಟೆತ್ತರದ ಮಾಳಿಗೆ ಯಾಕೆ ಬೇಕಿತ್ತು ಎಂದು ಅಲ್ಲಿ ನಿಂತಾಗ ನಾವು ತಮಾಷೆ ಮಾಡಿಕೊಂಡೆವು. ಚಪ್ಪಡಿ ಎಬ್ಬಿಸಿದ ಜಾಗದಲ್ಲಿ ನೀರು ನಿಂತು ಕೆರೆಯಾಗಿದೆ. ಅಂದರೆ ಕಲ್ಲು ಎಲ್ಲಿಂದ ತಂದರು ಎಂಬ ಪ್ರಶ್ನೆಗೆ ಉತ್ತರ ನಾಲ್ಕು ಹೆಜ್ಜೆ ದೂರದಲ್ಲೇ ಇದೆ. 2021ರಲ್ಲಿ ಈ ತಾಣ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ.

ಹಿರೇಬೆಣಕಲ್ ಬಗ್ಗೆ ಮೊದಲು ಬರೆದವರು ನಿಜಾಮರ ಸೇವೆಯಲ್ಲಿದ್ದ, ಸುರಪುರದಲ್ಲಿ ಆಡಳಿತ ನೋಡಿಕೊಂಡಿದ್ದ ಫಿಲಿಪ್ ಮೆಡೋಸ್ ಟೇಲರ್. ಓದಿದವರು, ಕಾದಂಬರಿಕಾರರು, ಜೇವರ್ಗಿ ಕಡೆಯ ವೃತ್ತಗಳನ್ನು ಅಗೆಸಿ ನಕ್ಷೆ ಬರೆದಿಟ್ಟವರು. ಆದರೂ ಬ್ರಿಟನ್ನಿನ ಹಳೆಯ ಕಲ್ಲಿನ ವೃತ್ತಗಳನ್ನೂ ದಖನ್ನಿನ ಈ ವೃತ್ತಗಳನ್ನೂ ಜೊತೆಗಿಟ್ಟು ನೋಡಿ, ಇವು ಕೆಲ್ಟರು, ಡ್ರುಯಿಡರು ಅಥವಾ ಸಿಥಿಯನ್ನರ ಸ್ಮಾರಕಗಳು ಎಂದು ಹೆಸರಿಟ್ಟರು. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳು ನಿಂತದ್ದು ಕ್ರಿ.ಪೂ. 2500ರ ಸುಮಾರಿಗೆ. ನಮ್ಮ ವೃತ್ತಗಳಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದೆ, ಬೇರೆಯೇ ಜನರ ಕೆಲಸ. ಅದನ್ನು ಡ್ರುಯಿಡರು ಕಟ್ಟಿದರು ಎಂಬುದೂ ಅಲ್ಲಿನ ಒಂದು ದಂತಕಥೆ. ನಮ್ಮೂರಿನವರಿಗೆ ಪಾಂಡವರು ಕಂಡರು, ಸಾಹೇಬರಿಗೆ ಡ್ರುಯಿಡರು.

ನೋಡಲು ಹೋಗುವುದಾದರೆ

ಚಳಿಗಾಲದ ಬೆಳಗ್ಗೆ ಹೋಗಿ. ಸೂರ್ಯ ಓರೆಯಾಗಿದ್ದಾಗ ನೆಲದಲ್ಲಿ ಅರ್ಧ ಹೂತ ಕಲ್ಲುಗಳ ನೆರಳು ಉದ್ದ ಬಿದ್ದು ವೃತ್ತದ ಆಕಾರ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಅದೇ ಜಾಗದಲ್ಲಿ ಬರೀ ಕಲ್ಲುಗಳ ಚೆಲ್ಲಾಪಿಲ್ಲಿ ಕಾಣಬಹುದು. ಹಿರೇಬೆಣಕಲ್ ಗುಡ್ಡದ ಮೇಲೆ ಅಂಗಡಿ ಇಲ್ಲ, ನೀರು ಹೊತ್ತುಕೊಂಡೇ ಹತ್ತಬೇಕು. ಕೊಪ್ಪಳ, ಬಳ್ಳಾರಿ ಭಾಗದ ಕಲ್ಲುಗುಡ್ಡಗಳಲ್ಲಿ ಕರಡಿ, ಚಿರತೆಗಳ ಓಡಾಟ ಇರುವುದರಿಂದ ಊರಿನ ಒಬ್ಬರನ್ನು ಜೊತೆಗೆ ಕರೆದುಕೊಂಡು, ಸಂಜೆಗೆ ಮೊದಲು ಇಳಿಯುವುದು ಒಳ್ಳೆಯದು. ಮುಚ್ಚುಗಲ್ಲಿನ ಮೇಲೆ ಹತ್ತಿ ಸೆಲ್ಫಿ ತೆಗೆಯಬೇಡಿ. ಗಾರೆ ಇಲ್ಲದ ಜೋಡಣೆ ಎಂದು ಮೇಲೆ ಹೇಳಿದೆವಲ್ಲ, ಅದು ಮಣ್ಣಿನ ಒತ್ತಡಕ್ಕೆ ಮಾಡಿದ್ದು, ಮೇಲಿನಿಂದ ಕುಣಿಯುವವರಿಗಲ್ಲ. ಮಡಕೆ ಚೂರು ಕಂಡರೆ ಬಿದ್ದಲ್ಲೇ ಫೋಟೊ ತೆಗೆದು ಅಲ್ಲೇ ಬಿಡಿ.

ನಿಮ್ಮ ಹೊಲದಲ್ಲೇ ಇದ್ದರೆ

ನಾವು ಮಾತಾಡಿಸಿದ ರೈತರಲ್ಲಿ ಹೆಚ್ಚಿನವರ ಅಂಜಿಕೆ ಒಂದೇ: ಹೇಳಿದರೆ ಸರ್ಕಾರ ಹೊಲ ಕಿತ್ತುಕೊಳ್ಳುತ್ತದೆ. ಈ ಅಂಜಿಕೆಯಿಂದಲೇ ಎಷ್ಟೋ ವೃತ್ತಗಳು ಟ್ರ್ಯಾಕ್ಟರ್ ಬಂದ ದಿನ ಸದ್ದಿಲ್ಲದೆ ಬದುವಿನ ಕಲ್ಲಾಗುತ್ತವೆ. ಅದಕ್ಕೆ ರೈತರನ್ನು ದೂರುವುದಕ್ಕಿಂತ ಕಾನೂನು ಏನು ಹೇಳುತ್ತದೆ ಎಂದು ನೋಡುವುದು ಮೇಲು.

ತಾಣವೊಂದರ ಬಗ್ಗೆ ಮಾಹಿತಿ ಕೊಟ್ಟ ಮಾತ್ರಕ್ಕೆ ಅದು ಸಂರಕ್ಷಿತ ಸ್ಮಾರಕ ಆಗುವುದಿಲ್ಲ. 1958ರ ಕೇಂದ್ರ ಕಾಯ್ದೆಯ ಪ್ರಕಾರ ಅದಕ್ಕೆ ಮೊದಲು ಅಧಿಸೂಚನೆ ಹೊರಡಿಸಿ ಎರಡು ತಿಂಗಳು ಸಮಯ ಕೊಡಬೇಕು. ಆ ಅವಧಿಯಲ್ಲಿ ಜಮೀನಿಗೆ ಸಂಬಂಧಪಟ್ಟವರು ಆಕ್ಷೇಪಣೆ ಸಲ್ಲಿಸಬಹುದು. ಸಂರಕ್ಷಿತ ಎಂದು ಘೋಷಣೆಯಾದರೆ ನಿರ್ಬಂಧಗಳು ಬರುವುದು ನಿಜ, ಅದನ್ನು ಮುಚ್ಚಿಡಬೇಕಿಲ್ಲ: 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಗಿನ 200 ಮೀಟರ್‌ನಲ್ಲಿ ಅನುಮತಿ ಬೇಕು. ಆದರೆ ಬೇಸಾಯದ ಬಗ್ಗೆ ಅದೇ ಕಾಯ್ದೆಯಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಾಲಿದೆ. ಸಂರಕ್ಷಿತ ಪ್ರದೇಶದ ಒಳಗೂ ನೆಲವನ್ನು ಒಂದು ಅಡಿಗಿಂತ ಆಳ ಅಗೆಯದೆ ಮಾಡುವ ಬೇಸಾಯಕ್ಕೆ ಆ ಕಾಯ್ದೆಯ ನಿಷೇಧ ಅನ್ವಯಿಸುವುದಿಲ್ಲ. ಎತ್ತಿನ ಉಳುಮೆಗೆ ಅಷ್ಟು ಸಾಕು.

ಇನ್ನು ಗುಟ್ಟಾಗಿ ಅಗೆದು ಏನಾದರೂ ಸಿಕ್ಕರೆ? ಅದಕ್ಕೂ ನಿಧಿ ಕಾಯ್ದೆ ಇದೆ. ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಯಾವ ವಸ್ತು ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಹತ್ತು ರೂಪಾಯಿ, ಮುದ್ರಣದೋಷವಲ್ಲ. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಸಂರಕ್ಷಿತ ಸ್ಮಾರಕವನ್ನು ಹಾಳುಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹೊಸದಾಗಿ ವೃತ್ತವೊಂದು ಕಂಡರೆ ಎರಡು ಫೋಟೊ ತೆಗೆಯಿರಿ. ಒಂದು ದೂರದಿಂದ, ಹಿಂದಿನ ಗುಡ್ಡವೋ ಮರವೋ ಕಾಣುವಂತೆ. ಇನ್ನೊಂದು ಹತ್ತಿರದಿಂದ, ಅಳತೆ ತಿಳಿಯಲು ಕೊಡೆಯನ್ನೋ ನೀರಿನ ಬಾಟಲಿಯನ್ನೋ ಪಕ್ಕದಲ್ಲಿಟ್ಟು. ಮೊಬೈಲ್‌ನಲ್ಲಿ ಆ ಜಾಗದ ಲೊಕೇಶನ್ ಉಳಿಸಿಕೊಂಡು, ರಾಜ್ಯ ಪುರಾತತ್ತ್ವ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಕಳಿಸಿ. ಫೇಸ್‌ಬುಕ್ಕಿಗೆ ಹಾಕುವುದಾದರೆ ಲೊಕೇಶನ್ ಮಾತ್ರ ಹಾಕಬೇಡಿ.